ಅಮಾಸಿ ದಿನದ ಧೂಳು

ಸಭೆಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮಗ್ಗ ನಿಲ್ಲಿಸಿ ಬಂದಿರುವ ಬನಹಟ್ಟಿಯ ಸಭಿಕರೇ,

ಗಲಗಲಿಯಲ್ಲಿ ಕೃಷ್ಣಾ ನದಿಯನ್ನು ಈ ದಂಡೆಯಿಂದ ಆ ದಂಡೆಗೆ ಒಂದೇ ಉಸಿರಿನಲ್ಲಿ, ತಲೆ ಮೇಲೆತ್ತದೆ, ನೀರೊಳಗೇ ದಾಟಿದವನು ನಿಮ್ಮ ಮುಂದೆ ನಿಂತ ಈ ಗಿರಮಲ್ಲಪ್ಪ. ಅದೂ ತುಂಬಿದ ಹೊಳೆ. ನಗಬ್ಯಾಡ್ರಿ! ನೋಡಿದವರು ಇದ್ದರು, ಈಗ ಯಾರೂ ಉಳಿದಿಲ್ಲ, ಅಷ್ಟೇ.

ಇಂದಿನ ಸನ್ಮಾನ ನಮ್ಮ ಅಣ್ಣನ ಮಗಳು ಅಕ್ಷತಾಗೆ. ಮಗ್ಗದ ಮನೆಗಳ ಗಾಳಿಯಲ್ಲಿ ಧೂಳೆಷ್ಟಿದೆ, ಅದು ನೇಕಾರರ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಅಳೆದವಳು ಇವಳು. ಆದರೆ ಆ ಧೂಳು ಅಳೆಯುವ ಮೊದಲ ಯಂತ್ರ ಕಟ್ಟಿದ್ದು ಯಾರಿಗೆ? ನನಗೆ!

ಸೊಂಟಕ್ಕೊಂದು ಸಣ್ಣ ಡಬ್ಬಿ, ಅದರ ಕೊಳವೆ ಅಂಗಿಯ ಕೊರಳಪಟ್ಟಿಗೆ. ನಮ್ಮಂತೆ ಅದೂ ಗಾಳಿ ಎಳೆಯುತ್ತದೆ. ಒಳಗಿನ ಬಿಲ್ಲೆಯ ಮೇಲೆ ಧೂಳು ಕೂಡುತ್ತದೆ, ಅದನ್ನು ತೂಗುತ್ತಾರೆ. “ಕಾಕಾ, ಮಗ್ಗ ನಿಂತ ದಿನಾನೂ ಅಳೀಬೇಕು. ಸ್ವಚ್ಛ ಜಾಗಾದಾಗ ಚಾಲೂ ಇಡ್ರಿ” ಅಂದಳು.

ನಮ್ಮ ಮಗ್ಗ ನಿಲ್ಲುವುದು ಅಮಾಸಿಗೆ. ಮನೆಯಲ್ಲಿ ಸ್ವಚ್ಛ ಜಾಗ ಯಾವುದು? ದೇವರ ಜಗಲಿ. ಅಲ್ಲಿಟ್ಟೆ. ಅಮಾಸಿಗೆ ಮಗ್ಗಕ್ಕೆ, ಮೋಟಾರಿಗೆ, ಸೈಕಲ್ಲಿಗೂ ಪೂಜೆ ಆಗುವಾಗ ಇದೊಂದನ್ನು ಬಿಡಲಾದೀತೇ? ನನ್ನ ಹೆಂಡತಿ ಕಸ್ತೂರೆವ್ವ ಕುಂಕುಮ ಹಚ್ಚಿ, ಕೊಳವೆಯ ಬಾಯಿಗೇ ಲೋಬಾನದ ಹೊಗೆ ಹಿಡಿದಳು.

ಬಿಲ್ಲೆ ತೂಗಿದ ಅಕ್ಷತಾ ಓಡಿ ಬಂದಳು. “ಕಾಕಾ, ಮಗ್ಗ ನಿಂತ ದಿನಾನ ಧೂಳ ಹೆಚ್ಚು ಬಂದೈತಿ! ಏನ್ ಮಾಡಿದ್ರಿ?”

“ಪೂಜಿ ಮಾಡೇವಿ ಯವ್ವಾ. ಕಾಯಿ ಒಂದ ಒಡದಿಲ್ಲ.”

ನಕ್ಕಳು. ಲೋಬಾನವಿಲ್ಲದೆ ಮತ್ತೆ ಅಳೆದಳು. ಆಗ ಖರೆ ಹೊರಬಿತ್ತು: ಮಗ್ಗ ನಡೆಯುವಾಗಿನ ಧೂಳೇ ಹಲವು ಪಟ್ಟು.

ಆಮೇಲೆ ಊದುವ ಪರೀಕ್ಷೆ. “ಊದ್ರಿ ಕಾಕಾ, ಇನ್ನೂ ಊದ್ರಿ, ಬಿಡಬ್ಯಾಡ್ರಿ!” ಎದೆಯೊಳಗೆ ಎಷ್ಟು ಉಸಿರಿದೆ ಎಂದು ಅದು ತೋರಿಸುತ್ತದೆ. ಹೊರಬಂದವನೇ ಚಹಾದಂಗಡಿಯಲ್ಲಿ ಹೇಳಿದೆ: “ಮುಧೋಳ ನಾಯಿ ಎದಿ ಐತಂತ ನಂದು!” ನೀವು ನಂಬಿದಿರಿ. “ಗಿರಮಲ್ಲಪ್ಪಂದ ಛಲೋ ಐತಿ ಅಂದ್ರ ನಮಗೇನ ಧಾಡಿ ಬಂದೈತಿ?” ಅಂದ ಮುರಗೆಪ್ಪ. ಅಗೋ, ಮೂರನೆಯ ಸಾಲಿನಲ್ಲಿ ಕೆಮ್ಮುತ್ತ ಕುಳಿತಿದ್ದಾನೆ.

ನಾಳೆ ಮುಂಜಾನೆ ಇಲ್ಲಿಯೇ ಎಲ್ಲ ನೇಕಾರರಿಗೂ ಆ ಪರೀಕ್ಷೆ. ಇನ್ನೂ ಒಬ್ಬರೂ ಹೆಸರು ಕೊಟ್ಟಿಲ್ಲ. ಅಕ್ಷತಾ ನನ್ನ ಅಂಕಿ ಯಾರಿಗೂ ಹೇಳುವವಳಲ್ಲ. ಹಾಗಾದರೆ ಯಾರು ಹೇಳಬೇಕು?

ಮಾತಿಗೆ ಕರೆದ ಸಂಘದವರಿಗೂ, ಇಷ್ಟು ಹೊತ್ತು ತಡೆದುಕೊಂಡ ನಿಮಗೂ ವಂದನೆಗಳು. ಮುರಗೆಪ್ಪಾ, ನಾಳೆ ಮೊದಲು ನೀನೇ ಊದಬೇಕು ನೋಡಲೇ. ನನ್ನ ವಯಸ್ಸಿನವನಿಗೆ ಉಸಿರು ನೂರು ಇರಬೇಕಂತ. ನನ್ನವು ನಲವತ್ತೆರಡು ಹೋಗ್ಯಾವ್ರಿ.

ನಮಸ್ಕಾರ.