ಫಿಲ್ಮಿನಲ್ಲಿ ಬಿದ್ದ ಬಿಳಿ ಮಚ್ಚೆ

ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಾಳಮ್ಮ ಟೀಚರ್ ಬಸ್ಸಿಗೆ ಕಾದು ಕಾದು ಸೋತಿದ್ದರು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಎಕ್ಸರೇ ಫಿಲ್ಮೊಂದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕೇಳಬಾರದು ಎಂದುಕೊಂಡರೂ ಟೀಚರ ಕಿವಿ ಅತ್ತಲೇ ಹೋಯಿತು.

“ಡಾಕ್ಟರು ಏನಂದ್ರು, ಇನ್ನೊಮ್ಮೆ ಹೇಳು,” ಎಂದು ಮುದುಕ ಕೆಮ್ಮಿದ.

“ಎಷ್ಟು ಸಲ ಹೇಳ್ಲಿ? ಎಲುಬು ಬೆಳ್ಳಗ ಬೀಳತಾವಂತ, ಗಾಳಿ ತುಂಬಿದ ಪುಪ್ಪುಸ ಕರ್ರಗ ಕಾಣಬೇಕಂತ. ಟೀಬಿ ಇದ್ರ ಅಲ್ಲಿ ಬಿಳಿ ಮಚ್ಚಿ ಬೀಳತೈತಂತ.”

“ಇಲ್ಲಿ ಬಿದ್ದೈತಲ್ಲ, ಗುಂಡಗ!”

“ಅದು ನೀವು ಲಿಂಗ ಇಟ್ಟುಕೊಂಡ ಬೆಳ್ಳಿ ಕರಡಿಗಿ ರೀ. ಕೊರಳಾಗಿಂದು ತೆಗೀರಿ ಅಂದ್ರ ಬನೀನಿನ ಒಳಗ ಮುಚ್ಚಿಟ್ಟುಕೊಂಡು ನಿಂತ್ರಿ. ಅದರ ಹಿಂದ ಏನೈತೋ ಅವರಿಗೆ ಕಾಣವಲ್ದು.”

“ಜೀವ ಇರೂತನಕ ಲಿಂಗ ಮೈ ಬಿಡಬಾರದು.”

“ಬಿಡಬ್ಯಾಡ್ರಿ. ರಟ್ಟಿಗಿ ಕಟ್ಟಿಕೊಳ್ರಿ. ಮೈಮ್ಯಾಲೂ ಇರತೈತಿ, ಫೋಟೋಕ್ಕೂ ಅಡ್ಡ ಬರಂಗಿಲ್ಲ. ನಡ್ರಿ, ಹೊಳ್ಳಿ ಆಸ್ಪತ್ರಿಗಿ ಹೋಗೂಣು.”

“ಇವತ್ತು ಬ್ಯಾಡ. ಸಾಕಾಗೈತಿ.”

“ನನಗ ಸಾಕಾಗಿಲ್ಲೇನು?”

ಅವರೂರಿನ ಬಸ್ಸು ಬಂತು. ಮುದುಕ ಏಳಲಿಲ್ಲ.

“ರಟ್ಟಿಗಿ ಕಟ್ಟಿಕೊಂಡ ಮ್ಯಾಲೂ ಆ ಮಚ್ಚಿ ಅಲ್ಲೇ ಇದ್ರ, ಕಲ್ಯಾಣಿ?”

ಆಕೆ ಫಿಲ್ಮನ್ನು ಲಕೋಟೆಗೆ ಸೇರಿಸಿದಳು. ಅವನ ಕೊರಳಿನ ಶಿವದಾರ ಸಡಿಲಿಸಿ, ಕರಡಿಗೆಯನ್ನು ಮೈಗೆ ತಾಗಿಸಿಕೊಂಡೇ ಸರಿಸಿ ರಟ್ಟೆಗೆ ಬಿಗಿದಳು. ಬಸ್ಸಿಗೆ ಬೆನ್ನು ಮಾಡಿ ಇಬ್ಬರೂ ಆಸ್ಪತ್ರೆಯ ಕಡೆ ನಡೆದರು. ಮುದುಕ ದಾರಿಯುದ್ದಕ್ಕೂ ಬರಿದಾದ ಎದೆಯನ್ನು ಅಂಗೈಯಿಂದ ಮುಚ್ಚಿಕೊಂಡೇ ಹೋದ.