ಕಾಯಿ ತುರಿಯುವ ಯಂತ್ರವೂ ಪಕ್ಕದ ಎಲೆಯೂ

ಒಂದು ಊರು. ನಮ್ಮೂರಲ್ಲ, ಗಾಬರಿಯಾಗಬೇಡಿ. ಅಲ್ಲೊಬ್ಬ ಶ್ರೀಮಂತ, ಅವನ ಹಿಂದಿನ ಬೀದಿಯಲ್ಲೊಬ್ಬ ಯಂತ್ರ ಕಟ್ಟುವವನು. ಮದುವೆಮನೆಗಳಲ್ಲಿ ತೆಂಗಿನಕಾಯಿ ತುರಿದು ತುರಿದು ಹೆಂಗಸರ ಬೆರಳು ಕಿತ್ತುಹೋಗುವುದನ್ನು ನೋಡಲಾರದೆ, ಕಾಲಲ್ಲಿ ತುಳಿದರೆ ಕಾಯಿ ತುರಿಯುವ ಯಂತ್ರ ಮಾಡಿಕೊಟ್ಟ. ಊರು ಹೊಗಳಿತು.

ಆಮೇಲೊಂದು ಸಂತೆಯ ದಿನ ಅವನು ಕಟ್ಟೆ ಹತ್ತಿ ನಿಂತ. "ನಾನೂ ನನ್ನ ಗೆಳೆಯನೂ ಗಂಡಹೆಂಡಿರ ಹಾಗೇ ಬಾಳ್ತಿದ್ದೀವಿ. ನಮ್ಮಂಥೋರು ಇನ್ನೂ ಇದ್ದೀರಿ. ಹೆದರಬೇಡಿ, ನಮ್ಮ ಮನೆಗೆ ಬನ್ನಿ" ಎಂದ. ಆ ಊರಲ್ಲಿ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಊರು ಅವನನ್ನು ಬಿಟ್ಟಿತು. ಯಂತ್ರವನ್ನು ಬಿಟ್ಟಿತೇ? ನೋಡಿ, ಊರು ಅಷ್ಟು ದಡ್ಡ ಅಲ್ಲ.

ಶ್ರೀಮಂತನ ಮಗಳ ಮದುವೆ ಬಂತು. ಅಕ್ಷತೆ ಎಲ್ಲ ಬಾಗಿಲಿಗೂ ಹೋಯಿತು, ಯಂತ್ರದವನ ಬಾಗಿಲನ್ನು ಮಾತ್ರ ದಾಟಿಕೊಂಡು ಹೋಯಿತು. ಧಾರೆಯ ಬೆಳಿಗ್ಗೆ ಯಂತ್ರ ಕೈಕೊಟ್ಟಿತು. ಕಾಯಿ ರಾಶಿ ಬಿದ್ದಿದೆ. ತುರಿಯುವ ಮಣೆಗಳೆಲ್ಲ ಅಟ್ಟದಲ್ಲಿ ಗೆದ್ದಲಿಗೆ. ಶ್ರೀಮಂತ ತಾನೇ ಯಂತ್ರದವನ ಮನೆಗೆ ಓಡಿದ.

"ಬಾರಪ್ಪಾ, ಮರ್ಯಾದೆ ಉಳಿಸು."

"ಕರೀದೆ ಇರೋ ಮದುವೆಗೆ ಹೆಂಗೆ ಬರಲಿ ಯಜಮಾನ್ರೇ?"

ಶ್ರೀಮಂತ ಅವಸರದಲ್ಲಿ ಅಕ್ಷತೆ ತರಿಸಿ ಕೈಗಿಟ್ಟ. ನಾಲಿಗೆಯ ರೂಢಿ ನೋಡಿ, ತಾನಾಗಿಯೇ ಹೊರಟಿತು: "ಮನೆಮಂದಿಯೆಲ್ಲ ಬಂದು ಊಟ ಮಾಡ್ಕೊಂಡು ಹೋಗಬೇಕು."

ಆ ಒಂದು ಮಾತಿಗೆ ಎಷ್ಟೋ ವರ್ಷದಿಂದ ಕಾದಿದ್ದವನು ಒಳಕ್ಕೆ ತಿರುಗಿ ಕೂಗಿದ: "ಹೊಸ ಪಂಚೆ ಉಟ್ಕೊಳ್ಳೋ ಮಾರಾಯ, ನಿನ್ನನ್ನೂ ಕರೆದಿದ್ದಾರೆ!"

"ಅಯ್ಯೋ, ಅದು ಬಾಯಿಮಾತು ಕಣೋ!" ಎಂದ ಶ್ರೀಮಂತ.

"ಹಂಗಾದ್ರೆ ರಿಪೇರಿನೂ ಬಾಯಿಮಾತಲ್ಲೇ ಮಾಡ್ತೀನಿ, ಬಿಡಿ."

ಶ್ರೀಮಂತ ನುಂಗಿಕೊಂಡ. ಇಬ್ಬರೂ ಬಂದರು, ಯಂತ್ರ ಓಡಿತು. ಪಂಕ್ತಿಯಲ್ಲಿ ಮಾತ್ರ ಕೊನೆಗೆ ಯಂತ್ರದವನಿಗೆಂದು ಒಂದೇ ಎಲೆ ಹಾಕಿದ್ದರು. ಅವನು ಕೂರಲಿಲ್ಲ, ಗೆಳೆಯನ ಕೈ ಹಿಡಿದು ನಿಂತೇ ಇದ್ದ. ಆಗ ಅಡುಗೆಮನೆಯಿಂದ ಶ್ರೀಮಂತನ ಮುದಿ ಅತ್ತೆ ಬಂದಳು, ಬೆರಳ ತುಂಬ ಹಳೆಯ ಗಾಯದ ಕಲೆ. ಪಕ್ಕಕ್ಕೆ ಇನ್ನೊಂದು ಎಲೆ ಹಾಸಿ ನೀರು ಚಿಮುಕಿಸಿದಳು.

"ಇವರ ಸಾಲಲ್ಲಿ ಕೂರಲ್ಲ ಅನ್ನೋ ಮಡಿವಂತರು ಕಾಯಿ ಹಾಕಿದ್ದನ್ನೆಲ್ಲ ಬಿಟ್ಟು ಏಳಿ!"

ಯಾರೂ ಏಳಲಿಲ್ಲ. ಕಾಯಿಹೋಳಿಗೆ ಇನ್ನೂ ಬರುವುದಿತ್ತಲ್ಲ! ಧರ್ಮ ಎಷ್ಟೇ ದೊಡ್ಡದಿರಲಿ, ಹೋಳಿಗೆಗಿಂತ ದೊಡ್ಡದೇ?

ನಗುತ್ತಿದ್ದೀರಿ. ನಗಿ. ನಾಳೆ ಅಕ್ಷತೆ ಹಿಡಿದು ಹೊರಡುವವರು ನೀವೇ. ಯಾವ ಬಾಗಿಲ ಮುಂದೆ ನಿಮ್ಮ ಹೆಜ್ಜೆ ಚುರುಕಾಗುತ್ತದೆ ಎಂದು ನಿಮಗೆ ಗೊತ್ತು. ಅಲ್ಲೇ ನಿಲ್ಲಿ. "ಮನೆಮಂದಿಯೆಲ್ಲ ಬನ್ನಿ" ಎನ್ನಿ. ಬಂದವರಿಗೆ ಅಕ್ಕಪಕ್ಕ ಎಲೆ ಹಾಕಿ.

ಅದು ಆಗದೋ? ಮನೆಗೆ ಹೋಗಿ ಅಟ್ಟದಿಂದ ಮಣೆ ಇಳಿಸಿ, ಕಾಯಿ ಕೈಯಲ್ಲೇ ತುರಿಯಿರಿ.