ನಾಲ್ಕು ನಿಮಿಷ ಮಾತಾಡಿ

ಏಳ್ಬೇಡಿ ಸಾರ್, ಏಳ್ಬೇಡಿ! ಮಲ್ಕೊಂಡೇ ಇರಿ. ದವಡೆಗೆ ತಂತಿ ಬಿಗಿದವ್ರಂತೆ, ಆರು ವಾರ ಬಾಯಿ ತೆರೆಯಂಗಿಲ್ವಂತೆ, ನರ್ಸಮ್ಮ ಹೇಳಿದ್ರು. ಮಾತು ನಾನಾಡ್ತೀನಿ, ನೀವು ಕೇಳಿಸ್ಕೊಳಿ. ಎಳನೀರು ತಂದಿವ್ನಿ, ನಮ್ಮೂರು ಕಿಣತ್ತುಕಡವಿಂದು. ಸ್ಟ್ರಾ ಹಾಕಿ ಇಲ್ಲಿಟ್ಟಿವ್ನಿ... ಬ್ಯಾಡ್ವಾ? ಸರಿ, ಇರ್ಲಿ ಬುಡಿ. ಯಾಕ್ ಸಾರ್ ಹಂಗೆ ನೋಡ್ತೀರಾ? ನಾನು ಕಣಿ ಸಾರ್, ಚಿನ್ನಸಾಮಿ! ಕುರಿಚಿ ಫೌಂಡ್ರಿ, ಮೌಲ್ಡಿಂಗ್ ಸೂಪರ್‌ವೈಸರ್. ನಿಮ್ಮ ಇಂಗ್ಲಿಷ್ ಕ್ಲಾಸಲ್ಲಿ ಕೊನೇ ಬೆಂಚು. ಸೂಪರ್‌ವೈಸರ್ ಆಗಿದ್ದೆ ಅನ್ನಿ... ನೀವು ಮಾರ್ಕ್ ಹಾಕೋಗಂಟ.

ಹೆದರ್ಬೇಡಿ, ಜೋರಾಗೇ ಮಾತಾಡ್ಬೋದು. ಪಕ್ಕದ ಹಾಸಿಗೆಯೋರಿಗೆ ತಮಿಳು ಬಿಟ್ರೆ ಬೇರೆ ಬರಾಕಿಲ್ಲ. ಫೌಂಡ್ರೀಲೂ ಹಂಗೇ ತಾನೆ? ನಾನೂರು ಜನದಲ್ಲಿ ಕನ್ನಡ ಆಡೋರು ನಾವಿಬ್ರೇ! ಮೊದಲ್ನೇ ದಿನ, ಸೋಮಶೇಖರ ಅಂತೆ, ಚಿತ್ರದುರ್ಗದೋರಂತೆ, ನಮ್ಮೋರು ಬಂದ್ರು ಅಂತ ಎಷ್ಟು ಕುಣಿದೆ ನಾನು! ಮನೆಗೆ ಕರ್ಕೊಂಡೋಗಿ ಮುದ್ದೆ ಹಾಕಿಸ್ದೆ. ನನ್ನ ಹೆಂಡ್ತಿ ಮಲ್ಲಿಗಾ ಕೈಯಾರ ಬಡಿಸಿದ್ಲು. ಹಾವಿಗೆ ಹಾಲೆರೆದಂಗಾಯ್ತು... ಇಲ್ಲ ಇಲ್ಲ, ತಮಾಷೆಗಂದೆ!

ವಿಷಯಕ್ಕೆ ಬತ್ತೀನಿ. ನಾಲ್ಕು ಗಂಟೆಗೆ ಪೊಲೀಸ್ನೋರು ಹೇಳಿಕೆ ತಕ್ಕೊಳಕ್ಕೆ ಬತ್ತಾರೆ. ನಿಮಗೆ ಬಾಯಿಲ್ಲ, ಬಲಗೈ ಐದು ಬೆರಳೂ ನುಜ್ಜುಗುಜ್ಜು. ಪಾಪ, ಹೆಂಗೆ ಬರೀತಾರೆ ಅಂತ ನಾನೇ ತಮಿಳಲ್ಲಿ ಬರ್ಸಿ ತಂದಿವ್ನಿ. ಎಡಗೈಲಿ ಒಂದು ಗೀಟು ಎಳೆದ್ರೆ ಸಾಕು. ನಿಮಗೆ ತಮಿಳು ಓದಕ್ಕೆ ಬರಾಕಿಲ್ಲ, ನಾನೇ ಓದ್ತೀನಿ. 'ಸೋಮವಾರ ಸಂಜೆ ಬೈಕ್ ಶೆಡ್ಡಿನ ಹತ್ರ ನನ್ನ ಹೊಡೆದವನು ಕರುಪ್ಪುಸಾಮಿ.' ಅಷ್ಟೇ! ಅವನ್ನ ಆಗ್ಲೇ ಒಳಗೆ ಹಾಕವ್ರೆ. ಅವ್ನೂ ನಿಮ್ಮ ಪರೀಕ್ಷೇಲಿ ಫೇಲಲ್ವಾ, ಕ್ಯಾಂಟೀನಲ್ಲಿ ಎಲ್ಲರ ಮುಂದೆ 'ಆ ಮೇಷ್ಟ್ರ ಕೈ ಮುರೀತೀನಿ' ಅಂತ ಕೂಗಾಡಿದ್ದ. ಎರಡು ದಿನದಿಂದ ಲಾಠಿ ಏಟು ತಿಂತವ್ನೆ. ಪಾದ ಊದಿ ಚಪ್ಪಲಿ ಹಿಡೀತಿಲ್ವಂತೆ. ಇನ್ನೂ ಒಪ್ಪಿಲ್ಲ, ಮೊಂಡ! ನಿಮ್ಮ ಗೀಟು ಬಿದ್ರೆ ಮುಗೀತು.

ತಲೆ ಯಾಕ್ ಆಡಿಸ್ತೀರಾ? ಮುಖ ನೋಡ್ಲಿಲ್ಲ ಅಂತಲಾ? ಹೆಂಗ್ ನೋಡ್ತೀರಾ ಸಾರ್, ಹಿಂದಿಂದ ಬಂದವ್ನೆ, ಮುಖಕ್ಕೆ ಟವಲ್ ಕಟ್ಟವ್ನೆ... ಅಂತ ಹೇಳಿದ್ರು. ಜನ. ನಾನು ಐದೂವರೆ ಬಸ್ಸಿಗೇ ಹೊಂಟೋಗಿದ್ದೆ, ಸತ್ಯವಾಗ್ಲೂ!

ಸಿಟ್ಟಾ? ಇತ್ತು ಸಾರ್. ಇಲ್ಲ ಅಂತ ಯಾಕನ್ಲಿ? ಇಪ್ಪತ್ತೆರಡು ವರ್ಷ... ಕುದಿಯೋ ಕಬ್ಬಿಣದ ಮುಂದೆ ನಿಂತು ರೆಪ್ಪೆ ಕೂದ್ಲೆಲ್ಲ ಸುಟ್ಟೋಗವೆ, ನೋಡಿ! ಎರಕದೊಳಗೆ ಗಾಳಿ ಸಿಕ್ಕೊಂಡಿದ್ರೆ ಒಂದು ಸತಿ ತಟ್ಟಿ ಸದ್ದು ಕೇಳಿ ಹೇಳ್ತೀನಿ. ಅದಕ್ಕೆ ಯಾರೂ ಮಾರ್ಕ್ ಹಾಕ್ಲಿಲ್ಲ. ಫಾರಿನ್ ಕಂಪ್ನಿ ಆರ್ಡರ್ ಬಂತಂತೆ, ಸೂಪರ್‌ವೈಸರೆಲ್ಲ ಇಂಗ್ಲಿಷ್ ಮಾತಾಡ್ಬೇಕಂತೆ! ಮೂರು ತಿಂಗಳು ಕ್ಲಾಸು, ಆಮೇಲೆ ಪರೀಕ್ಷೆ, ಹತ್ತಕ್ಕೆ ಐದು ಬರ್ಲಿಲ್ಲ ಅಂದ್ರೆ ವಾಪಸ್ ಗ್ರೈಂಡಿಂಗಿಗೆ, ಎರಕ ಉಜ್ಜೋ ಕೆಲ್ಸಕ್ಕೆ!

ನೀವು ಚೀಟಿ ಕೊಟ್ರಿ. 'ನಿಮಗೆ ತುಂಬ ಸಿಟ್ಟು ಬಂದ ಒಂದು ದಿನದ ಬಗ್ಗೆ ನಾಲ್ಕು ನಿಮಿಷ ಮಾತಾಡಿ.' ನಾನು ಉರು ಹೊಡ್ದಿದ್ದು ನಮ್ಮೂರಿನ ಬಗ್ಗೆ! ಎರಡು ವಾಕ್ಯ ಬಂತು... ಆಮೇಲೆ ನಾಲಿಗೆ ಅಂಟ್ಕೊಂತು. ನಿಮ್ಮುಖ ನೋಡ್ದೆ. ಒಂದು ಮಾತು, ಒಂದೇ ಒಂದು ಮಾತು ಕನ್ನಡದಲ್ಲಿ ಎತ್ತಿಕೊಟ್ಟಿದ್ರೆ ನಿಮ್ಮಪ್ಪನ ಮನೆ ಗಂಟು ಹೋಗ್ತಿತ್ತಾ ಸಾರ್? ಸುಮ್ನೆ ಕೂತ್ರಿ. ಈಗ ಹೆಂಗಿದೀರೋ ಹಂಗೇ! ರೂಲಂತೆ! ಟೈಮ್ ಮುಗಿದಾಗ ಬಲಗೈ ಎತ್ತೋದಂತೆ, ಅಲ್ಲಿಗಂಟ ಪರೀಕ್ಷೆ ಮಾಡೋರು ಬಾಯಿ ಬಿಡಂಗಿಲ್ವಂತೆ. ಹಿಂದೆ ಗೋಕಿಲಾ ಕಿಸಕ್ ಅಂದ್ಲು. ನಾನೇ ಕೆಲ್ಸ ಕಲ್ಸಿದ ಹುಡ್ಗಿ! ನೀವು ಕೈ ಎತ್ತೋ ಹೊತ್ತಿಗೆ ನನ್ನ ಶರ್ಟೆಲ್ಲ ಬೆವರು. ಎರಡು ಮಾರ್ಕ್. ಹತ್ತಕ್ಕೆ ಎರಡು! ಕ್ಯಾಂಟೀನ್ ಬೋರ್ಡಲ್ಲಿ, ಇವತ್ತಿನ ತಿಂಡಿ ಏನು ಅಂತ ಬರೀತಾರಲ್ಲ, ಅದರ ಪಕ್ಕ ಅಂಟಿಸಿದ್ರಿ. ಈಗ ನನ್ನ ಕುರ್ಚೀಲಿ ಗೋಕಿಲಾ ಕೂತವ್ಳೆ. ನಾನು ಅವಳ ಕೈ ಕೆಳಗೆ ಕಬ್ಬಿಣದ ಧೂಳು ಕುಡೀತಿವ್ನಿ.

ಮಾತು ಬಲ್ಲೋನಿಗೆ ಜಗಳ ಇಲ್ಲ ಅಂತ ನಮ್ಮಜ್ಜಿ ರಾಮಾಯಿ ಹೇಳೋಳು. ಮಾತು ಬರ್ದೇ ಹೋದೋನು ಏನ್ಮಾಡ್ಬೇಕು ಸಾರ್, ಹೇಳಿ?

ಕರುಪ್ಪುಸಾಮಿ ಕತೆ ಹೇಳ್ತಿವ್ನಿ ಸಾರ್, ನಂದಲ್ಲ! ಅವ್ನಿಗೂ ಮಾತು ಬರ್ಲಿಲ್ಲ. ಮಣ್ಣು ಕುಟ್ಟೋ ಕಬ್ಬಿಣದ ರಾಡು ತಕ್ಕೊಂಡ. ಮೊದಲ್ನೇ ಏಟು ಬೆನ್ನಿಗೆ. ನೀವು ಬಿದ್ರಿ. ಬಿದ್ದೋರು ಬಲಗೈ ಎತ್ತಿದ್ರಿ, ಟೈಮ್ ಆಯ್ತು ಅಂತೀರಲ್ಲ, ಅದೇ ಥರ! ಮೈ ಉರಿದೋಗಲ್ವಾ? ಆ ಕೈನ ನೆಲಕ್ಕೆ ಮೆಟ್ಕೊಂಡು, ಒಂದೊಂದೇ ಬೆರಳು... ಮಾರ್ಕ್ ಹಾಕೋ ಬೆರಳು... ಆಗ ಎಲ್ಲೋಯ್ತು ಸಾರ್ ನಿಮ್ಮ ಇಂಗ್ಲಿಷು? ಕ್ಲಾಸಲ್ಲಿ ಒಂದು ಲೋಟ ನೀರೂ ಇಂಗ್ಲಿಷಲ್ಲೇ ಕೇಳ್ಬೇಕು ಅಂತಿದ್ರಿ. 'ಸಾಯಿಸ್ಬೇಡ್ರಪ್ಪಾ, ನನ್ನ ಮಗಳು ಪ್ರೇರಣಾ ಇನ್ನೂ ಚಿಕ್ಕೋಳು' ಅಂತ ಗೋಗರೆದ್ರಲ್ಲ, ಅದರಲ್ಲಿ ಒಂದು ಪದ ಇಂಗ್ಲಿಷಿತ್ತಾ? ಅಚ್ಚಗನ್ನಡ! ನಗು ಬಂತು. ಆಮೇಲೆ ಆ ಬಾಯಿ ಮುಚ್ಲಿ ಅಂತಾನೇ ದವಡೆಗೆ...

ಏನು? ಯಾಕ್ ಕಣ್ಣು ಅಷ್ಟಗಲ ಬಿಟ್ರಿ?

ಕರುಪ್ಪುಸಾಮಿ ಹೇಳ್ದ ಸಾರ್! ಅವ್ನೇ ಕೇಳಿಸ್ಕೊಂಡು... ಅವ್ನಿಗೆ ಕನ್ನಡ ಬರಾಕಿಲ್ಲ, ಸರಿ. ವಾಚ್‌ಮನ್ ಹೇಳ್ದ. ವಾಚ್‌ಮನ್... ಬಿಹಾರದೋನು. ಹಂಗಾದ್ರೆ ಇನ್ಯಾರೋ! ನಾನೂರು ಜನದಲ್ಲಿ ಇನ್ಯಾರೋ ಒಬ್ರು...

ಹಂಗೆ ನೋಡ್ಬೇಡಿ. ಹೂಂ ಅನ್ನಿ, ಊಹೂಂ ಅನ್ನಿ, ಗಂಟಲಲ್ಲೇ ಉಗೀರಿ, ಏನಾದ್ರೂ ಮಾಡಿ! ಹಿಡೀರಿ ಪೆನ್ನು. ಎಳೀರಿ ಗೀಟು! ಎಳೆಯಲ್ವಾ? ಈ ಬ್ಯಾಂಡೇಜು ಅಮುಕಿದ್ರೆ ನೋಯ್ತದಾ ಸಾರ್? ಇನ್ನೊಂಚೂರು ಅಮುಕ್ಲಾ? ಎಡಗೈಗೂ ಐದು ಬೆರಳವೆ, ಮರೀಬೇಡಿ! ಎಳೀರಿ ಅಂದ್ನಲ್ಲ!

ಅಯ್ಯೋ... ರಕ್ತ ಬತ್ತಾ ಅದೆ. ಜಾಸ್ತಿ ಒತ್ಲಿಲ್ಲ ಸಾರ್, ಸತ್ಯವಾಗ್ಲೂ ಒತ್ಲಿಲ್ಲ. ಒಂದು ಚೂರಾದ್ರೂ ನರಳಿ ಸಾರ್. ನಿಮ್ಮ ಈ ಸುಮ್ನಿರೋದೇ ನನ್ನ ಕೊಂದಾಕ್ತಾ ಅದೆ. ಅವತ್ತೂ ಹಿಂಗೇ ಕೊಂದ್ರಿ...

ಆಮಾ. ಹೌದು, ನಾನೇ. ಸಾಕಾ? ಕರುಪ್ಪುಸಾಮಿ ಪಾಪದೋನು, ಬರೀ ಬಾಯಿ ಜೋರು. ಬಸ್ಸಿಗೆ ಹೋಗ್ಲಿಲ್ಲ ನಾನು, ಮಣ್ಣಿನ ಗುಡ್ಡೆ ಹಿಂದೆ ಕೂತಿದ್ದೆ. ತುಂಬ ಸಿಟ್ಟು ಬಂದ ದಿನ ತಾನೆ ನೀವು ಕೇಳಿದ್ದು? ಹೇಳ್ತೀನಿ, ಈಗ ನಿಲ್ಲಿಸ್ದೇ ಹೇಳ್ತೀನಿ, ನೋಡಿ ಹೆಂಗೆ ಬತ್ತಾ ಅದೆ ಮಾತು! ಸೋಮವಾರ ಬೆಳಿಗ್ಗೆ ಗೋಕಿಲಾ ಎಲ್ಲರ ಮುಂದೆ ನನ್ನ ಕೈಗೆ ಪೊರಕೆ ಕೊಟ್ಲು ಸಾರ್. ಇಪ್ಪತ್ತೆರಡು ವರ್ಷದ ಮೇಲೆ ಪೊರಕೆ! ಆಗ ನಾನು...

ಬಾಗ್ಲ ಕಡೆ ಯಾಕ್ ನೋಡ್ತೀರಾ? ಬೂಟಿನ ಸದ್ದಾ ಅದು? ನಾಲ್ಕಾಯ್ತಾ?

ಸಾರ್... ಎಡಗೈ ಯಾಕ್ ಎತ್ತಿದ್ರಿ? ಇಳಿಸಿ ಸಾರ್. ಟೈಮ್ ಆಗಿಲ್ಲ. ಇಳಿಸಿ... ನಂದಿನ್ನೂ ಮುಗ್ದಿಲ್ಲ!